ಕಳವಾರ ದುರ್ಗವೋ, ಸ್ಕಂದಗಿರಿಯೋ?

ಪ್ರಶ್ನೆ: ನಮ್ಮೂರ ಬಳಿಯ ಬೆಟ್ಟ ನಮ್ಮ ಹಿರಿಯರ ಬಾಯಲ್ಲಿ ಕಳವಾರ ದುರ್ಗ. ಮೊಬೈಲ್ ಮ್ಯಾಪಿನಲ್ಲಿ, ಚಾರಣದ ಜಾಹೀರಾತಿನಲ್ಲಿ ಬರೀ ಸ್ಕಂದಗಿರಿ. ಹಳೆಯ ಹೆಸರು ಉಳಿಸಲು ಯಾರಿಗೆ ಅರ್ಜಿ ಕೊಡಬೇಕು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಅರ್ಜಿ ಆಮೇಲೆ, ಮೊದಲು ದಾಖಲೆ. ಬೆಟ್ಟದ ಬುಡದ ಹಳ್ಳಿಗಳ ಗ್ರಾಮ ನಕಾಶೆ ತೆಗೆಸಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯನ್ನೂ ನೋಡಿ. ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಹುಡುಕಿ. ಅದರ ಮೇಲೆ ಕೋಲಾರ ಎಂದೇ ಇರುತ್ತದೆ, ನಿಮ್ಮ ಜಿಲ್ಲೆ ಬೇರೆಯಾದದ್ದು 2007ರಲ್ಲಿ.

ಆಮೇಲೆ ಕುರಿ ಮೇಯಿಸುವವರ, ಪೂಜಾರಿಗಳ ಮಾತನ್ನು ಊರು, ತಾರೀಕಿನ ಸಮೇತ ರೆಕಾರ್ಡ್ ಮಾಡಿಕೊಳ್ಳಿ. "ಕಳವಾರ ದುರ್ಗ ಅಂತೀರಲ್ವಾ?" ಎಂದು ಕೇಳಿದರೆ ಹೂಂ ಅಂದುಬಿಡುತ್ತಾರೆ, ಅದು ಸಾಕ್ಷಿಯಾಗದು. "ಇದಕ್ಕೆ ಏನಂತೀರಿ?" ಎಂದಷ್ಟೇ ಕೇಳಿ. ಬರೆದುಕೊಳ್ಳುವುದು ಕನ್ನಡದಲ್ಲೇ ಇರಲಿ. ಇಂಗ್ಲಿಷಿಗೆ ಹೋದರೆ ಲ, ಳ ಎರಡಕ್ಕೂ ಒಂದೇ ಅಕ್ಷರ. ತಿರುಗಿ ಕನ್ನಡ ಬೋರ್ಡಿಗೆ ಬರುವಷ್ಟರಲ್ಲಿ 'ಕಲವರ' ಆಗಿರುತ್ತದೆ. ಬಾಗೇಪಲ್ಲಿ ಕಡೆಯ ತೆಲುಗು ಹೆಸರುಗಳಿದ್ದರೆ 'ಕೊಂಡ'ವನ್ನು 'ಬೆಟ್ಟ' ಮಾಡಲು ಹೋಗಬೇಡಿ. ಅಲ್ಲಿನವರ ಹೆಸರು ಅದೇ. ಅನುವಾದಿಸಿದರೆ ಇನ್ನೊಂದು ಹೊಸ ಹೆಸರು ಹೇರಿದಂತೆ.

ಇಷ್ಟು ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಅದರ ನಕಲಿನೊಂದಿಗೆ ಬೋರ್ಡು ಹಾಕಿದ ಇಲಾಖೆಗೂ ಜಿಲ್ಲಾಧಿಕಾರಿಗೂ ಮನವಿ ಕೊಡಿ. ಊರಿನ ಹೆಸರಾದರೆ ದಾರಿ ಉದ್ದ, ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ತುಮಕೂರು ಸೇರಿ 12 ಊರುಗಳ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಬದಲಾದದ್ದು ಹಾಗೆಯೇ.

ಮನವಿಯಲ್ಲಿ 'ಸ್ಕಂದಗಿರಿ ತೆಗೆಯಿರಿ' ಎನ್ನುವುದಕ್ಕಿಂತ 'ಕಳವಾರ ದುರ್ಗ (ಸ್ಕಂದಗಿರಿ)' ಎಂದು ಬರೆಯಲು ಕೇಳುವುದು ಮೇಲು. ಚಾರಣಿಗರಿಗೆ ದಾರಿ ತಪ್ಪದು, ವಿರೋಧವೂ ಕಡಿಮೆ. ಆಸ್ಟ್ರೇಲಿಯಾದ ಉಲೂರು ಬಂಡೆಗೆ 1873ರಲ್ಲಿ ಏಯರ್ಸ್ ರಾಕ್ ಎಂದು ಹೆಸರಿಟ್ಟಿದ್ದರು. 1993ರಲ್ಲಿ 'ಏಯರ್ಸ್ ರಾಕ್/ಉಲೂರು' ಎಂಬ ಜೋಡಿ ಹೆಸರು ಬಂತು, 2002ರಲ್ಲಿ ಉಲೂರು ಮುಂದೆ ಬಂತು. ಹೆಸರಿನ ಮೂಲ ಒಡೆಯರಾದ ಅನಂಗು ಜನ ಅದನ್ನು ಬಾಯಿಂದ ಬಿಟ್ಟಿರಲಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡ ಹೆಸರು, ಪರ್ಯಾಯ ಹೆಸರು ತುಂಬಲು ಬೇರೆ ಬೇರೆ ಜಾಗಗಳಿವೆ. ಅದು ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ, ನೀವೇ ಖಾತೆ ತೆರೆದು ತುಂಬಬಹುದು.

ಪ್ರಶ್ನೆ: ದೇವರಾಯನದುರ್ಗಕ್ಕೆ ಹಿಂದೆ ಜಡಕನದುರ್ಗ ಎಂಬ ಹೆಸರಿತ್ತಂತೆ. ಅದನ್ನೂ ತರಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಇತ್ತು, ನಿಜ. ಈಗಿನ ಹೆಸರು ಮೈಸೂರು ಒಡೆಯರ ಕಾಲದಲ್ಲಿ ಬಂದದ್ದು. ಆದರೆ ಸುತ್ತಲಿನ ಊರಿನವರೇ ಈಗ ದೇವರಾಯನದುರ್ಗ ಎನ್ನುತ್ತಿರುವಾಗ ಬೋರ್ಡು ಬದಲಿಸುವುದು ಬೇಡ. ಹಳೆಯ ಹೆಸರನ್ನು ಮಾಹಿತಿ ಫಲಕದಲ್ಲಿ ಬರೆಸಿ.