ಚಿಕ್ಕಮ್ಮನ ಮನೆ ಕೊಳ್ಳುವಾಗ ಕಾಗದ ಕೇಳುವುದು ಅವಮಾನವೇ?

ಪ್ರಶ್ನೆ: ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಆದಾಯ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳಿರುವುದಿಲ್ಲ. ಗೃಹಸಾಲದ ನನ್ನ ಅರ್ಜಿಯನ್ನು ಎರಡು ಬ್ಯಾಂಕುಗಳು ತಿರಸ್ಕರಿಸಿದವು. ವಿಷಯ ತಿಳಿದ ಚಿಕ್ಕಮ್ಮ, ‘ನಾನು ಹೇಗೂ ಮಗಳ ಮನೆಗೆ ಹೋಗುವವಳು. ಈ ಮನೆಯನ್ನು ನೀನೇ ತೆಗೆದುಕೋ. ತಿಂಗಳು ತಿಂಗಳು ಕೊಡುತ್ತಾ ಹೋಗು, ಬಡ್ಡಿ ಬೇಡ’ ಎಂದರು. ನಾವು ಬಂದು ಸೇರಿಕೊಂಡು ಮೂರು ಕಂತು ಕೊಟ್ಟಾಗಿದೆ. ಮುಂದಿನ ತಿಂಗಳವರೆಗೆ ಅವರೂ ಇಲ್ಲೇ ಇರುತ್ತಾರೆ. ನಗದು ಎಣಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಪೆನ್ನಿನಿಂದ ಒಂದು ಸುತ್ತು ಹಾಕುತ್ತಾರೆ, ಅಷ್ಟೇ. ಕರಾರುಪತ್ರ ಮಾಡಿಸೋಣ ಎಂದರೆ ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದು ಮುಖ ಸಣ್ಣದು ಮಾಡಿಕೊಂಡರು. ಅವರ ಮಗ ಈಗೀಗ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಚಿಕ್ಕಮ್ಮನ ಮನಸ್ಸು ದೊಡ್ಡದು, ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಹಾಗೆಂದೇ ಒತ್ತಿ ಹೇಳುತ್ತಿದ್ದೇನೆ, ನಾಲ್ಕನೆಯ ಕಂತಿಗೆ ಮುಂಚೆ ಕಾಗದವಾಗಬೇಕು. ಅದು ನಿಮಗಿಂತ ಹೆಚ್ಚಾಗಿ ಅವರಿಗೆ ಬೇಕು.

ಬ್ಯಾಂಕಿಗೆ ಸಾವಿರಾರು ಸಾಲಗಾರರಿರುತ್ತಾರೆ. ಒಬ್ಬರು ಕಂತು ತಪ್ಪಿಸಿದರೆ ಅದು ಬಾಗಿಲು ಮುಚ್ಚುವುದಿಲ್ಲ. ಆದರೂ ನಿಮ್ಮ ಆದಾಯ ನೋಡಿ ಹಿಂಜರಿಯಿತು. ಅದು ಬೇಡವೆಂದ ಭಾರವನ್ನು ಈಗ ಹೊತ್ತಿರುವುದು, ಆಸ್ತಿಯೆಂದು ಇದೊಂದೇ ಮನೆ ಇರುವ ಹಿರಿಯ ಹೆಂಗಸು. ನಿಮಗೆ ಸತತ ನಾಲ್ಕು ತಿಂಗಳು ಕೆಲಸ ಸಿಗದಿದ್ದರೆ ಅವರ ಗತಿ ಏನು? ನಾಳೆ ಅವರಿಗೇ ಶಸ್ತ್ರಚಿಕಿತ್ಸೆಗೆ ಒಮ್ಮೆಲೇ ದೊಡ್ಡ ಮೊತ್ತ ಬೇಕಾದರೆ ಕಂತಿನ ಹಣ ಸಾಲುವುದಿಲ್ಲ, ಮಾರಲು ಮನೆಯೂ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ಈ ಚಿಂತೆ ಕಾಣಲಿಲ್ಲ. ಅದನ್ನು ನೀವು ಮಾಡಲೇಬೇಕು.

ಬಡ್ಡಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಶೇಕಡಾ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ಮಾಡಿದವರು ತೀರಿಸುವ ಹೊತ್ತಿಗೆ ಅಸಲಿನ ಹೆಚ್ಚುಕಡಿಮೆ ಎರಡರಷ್ಟು ಕಟ್ಟಿರುತ್ತಾರೆ. ‘ಬಡ್ಡಿ ಬೇಡ’ ಎಂಬ ಎರಡೇ ಮಾತಿನಲ್ಲಿ ಚಿಕ್ಕಮ್ಮ ಬಿಟ್ಟುಕೊಟ್ಟಿದ್ದು ಸಣ್ಣ ಮೊತ್ತವಲ್ಲ, ಅವರ ನಂತರ ಮಕ್ಕಳಿಗೆ ಸೇರಬಹುದಾಗಿದ್ದ ಹಣ. ಮಗ ಮುಖ ತಿರುಗಿಸುತ್ತಿರುವುದಕ್ಕೆ ಆಸೆಬುರುಕತನವೇ ಕಾರಣವೆಂದು ತೀರ್ಮಾನಿಸಬೇಡಿ. ತಾಯಿಯ ಮನೆ ಕೈಬಿಡುತ್ತಿದೆ, ಯಾವ ಬೆಲೆಗೆ, ಯಾವ ಷರತ್ತಿಗೆ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ. ಮಗ, ಮಗಳು ಇಬ್ಬರನ್ನೂ ಕೂರಿಸಿಕೊಂಡು ಮಾತನಾಡಿ. ಸ್ವಲ್ಪ ಬಡ್ಡಿ ಕೊಡುವುದಾಗಿ ನೀವೇ ಮುಂದಾಗಿ ಹೇಳಿ. ಬೇಡವೆನ್ನುವುದಾದರೆ ಮಕ್ಕಳಿಗೂ ತಿಳಿದೇ ಬೇಡವೆನ್ನಲಿ.

ಇನ್ನು ಕಾಗದದ ವಿಚಾರ. ಮನೆ ಚಿಕ್ಕಮ್ಮನೊಬ್ಬರ ಹೆಸರಿನಲ್ಲೇ ಇದೆಯೇ, ಅದರ ಮೇಲೆ ಹಳೆಯ ಸಾಲ ಉಳಿದಿದೆಯೇ ಎಂದು ಮೊದಲು ನೋಡಿ. ಸಾಲವಿದ್ದರೆ ಕೊಟ್ಟವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಪೂರ್ತಿ ಬಾಕಿಯನ್ನು ಒಟ್ಟಿಗೆ ಕಟ್ಟಿ ಎನ್ನಬಹುದು. ಬೆಲೆಯನ್ನು ನಿಮ್ಮಿಬ್ಬರಿಗೂ ಸಂಬಂಧವಿಲ್ಲದ ಮೌಲ್ಯಮಾಪಕರಿಂದ ಕಟ್ಟಿಸಿ. ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆಗೆ ಕೊಟ್ಟರೆ ಆ ವ್ಯತ್ಯಾಸದ ಮೇಲೆ ತೆರಿಗೆಯ ಪ್ರಶ್ನೆ ಏಳಬಹುದು. ಬಡ್ಡಿಯಿಲ್ಲದ ಸಾಲಕ್ಕೂ ಕೆಲವೆಡೆ ಇದೇ ತೊಡಕಿದೆ.

ಎಲ್ಲಕ್ಕಿಂತ ಮುಖ್ಯ, ಮನೆ ನಿಮ್ಮ ಹೆಸರಿಗೆ ಬರುವುದು ಯಾವಾಗ ಎಂಬುದು. ಕೊನೆಯ ಕಂತಿನವರೆಗೂ ಅದು ಅವರ ಹೆಸರಿನಲ್ಲೇ ಇದ್ದು ನಡುವೆ ಅವರಿಗೇನಾದರೂ ಆದರೆ, ಕೊಟ್ಟ ಹಣಕ್ಕಾಗಿ ನೀವು ವಾರಸುದಾರರ ಮುಂದೆ ನಿಲ್ಲಬೇಕಾಗುತ್ತದೆ. ಈಗಲೇ ಸುಮ್ಮನೆ ಬರೆದುಕೊಟ್ಟರೆ ಅವರ ಕೈ ಬರಿದಾಗುತ್ತದೆ. ಕ್ರಯಪತ್ರ ನಿಮ್ಮ ಹೆಸರಿಗೆ ಆಗಲಿ, ಬಾಕಿ ತೀರುವವರೆಗೆ ಮನೆ ಅವರಿಗೆ ಅಡಮಾನವಾಗಿರಲಿ, ಎರಡೂ ನೋಂದಣಿಯಾಗಲಿ ಎಂಬುದು ನನ್ನ ಅಭಿಪ್ರಾಯ. ಕಂತು ತಪ್ಪಿದರೆ ಎಷ್ಟು ದಿನದ ಗಡುವು, ದುರಸ್ತಿ, ತೆರಿಗೆ, ವಿಮೆ ಯಾರ ಪಾಲು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮುಂದೇನು, ಇವೆಲ್ಲ ಅದರಲ್ಲಿರಬೇಕು. ವಕೀಲರು ಅವರಿಗೊಬ್ಬರು, ನಿಮಗೊಬ್ಬರು. ಖರ್ಚಾಗುತ್ತದೆ, ಆಗಲಿ. ಅವರ ವಕೀಲರ ಶುಲ್ಕವನ್ನೂ ನೀವೇ ಕೊಡಿ, ಆದರೆ ಆಯ್ಕೆ ಅವರದೇ ಆಗಿರಲಿ.

ಬ್ಯಾಂಕುಗಳು ಬೇಡವೆಂದದ್ದಕ್ಕೆ ಕಾರಣವನ್ನು ಕೇಳಿ ತಿಳಿದುಕೊಂಡಿರಾ? ಆದಾಯದ ದಾಖಲೆ ಸಾಲದಿರಬಹುದು, ಹಳೆಯ ಬಾಕಿಯೊಂದು ಕ್ರೆಡಿಟ್ ವರದಿಯಲ್ಲಿ ಉಳಿದಿರಬಹುದು, ಆ ವರದಿಯೇ ತಪ್ಪಿರಲೂಬಹುದು. ಒಂದರ ಹಿಂದೊಂದು ಅರ್ಜಿ ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿ, ಅದರಿಂದಲೂ ವರದಿಯಲ್ಲಿನ ಕ್ರೆಡಿಟ್ ಅಂಕ ಇಳಿಯಬಹುದು. ಇನ್ನು ಮುಂದೆ ಕಂತನ್ನು ಬ್ಯಾಂಕ್ ಖಾತೆಯಿಂದಲೇ ಕಳುಹಿಸಿ. ಎರಡು ಮೂರು ವರ್ಷ ತಪ್ಪದೆ ಕಟ್ಟಿದ ದಾಖಲೆ, ಜೊತೆಗೆ ಆದಾಯ ತೆರಿಗೆಯ ಲೆಕ್ಕಪತ್ರ ಕೈಯಲ್ಲಿದ್ದರೆ ಮುಂದೊಂದು ದಿನ ಬ್ಯಾಂಕ್ ನಿಮಗೆ ಸಾಲ ಕೊಡಬಹುದು. ಆಗ ಚಿಕ್ಕಮ್ಮನ ಬಾಕಿಯನ್ನೆಲ್ಲ ಒಟ್ಟಿಗೆ ಕೊಟ್ಟುಬಿಡಬಹುದು. 20 ವರ್ಷ ಅವರನ್ನು ಕಾಯಿಸುವುದು ಬೇಡ.

ನಿಮ್ಮನ್ನು ಕಾಡುತ್ತಿರುವುದು ಅವರ ಸಣ್ಣಗಾದ ಮುಖ ಎಂದು ನನಗೆ ಗೊತ್ತು. ‘ಕರಾರು ಮಾಡಿಸೋಣ’ ಎಂದು ಮಾತು ತೆಗೆದಿದ್ದರಿಂದ ನಿಮಗೆ ತಮ್ಮ ಮೇಲೆಯೇ ಅನುಮಾನ ಬಂದಿದೆ ಎಂದು ಅವರಿಗೆ ಅನ್ನಿಸಿತು. ಈ ಬಾರಿ ಪಕ್ಕದಲ್ಲಿ ಕುಳಿತು, ‘ಚಿಕ್ಕಮ್ಮಾ, ನಾಳೆ ನನಗೇನಾದರೂ ಆದರೆ ನಿಮ್ಮ ಹಣಕ್ಕೆ ಯಾರು ಹೊಣೆ? ನನ್ನನ್ನು ನಂಬಿ ನೀವು ಮುಳುಗಬಾರದು’ ಎಂದು ಹೇಳಿ. ತಕ್ಷಣ ಒಪ್ಪದಿದ್ದರೆ ಒಂದೆರಡು ದಿನ ಬಿಟ್ಟು, ಮಗಳ ಎದುರಿಗೆ ಮತ್ತೆ ಹೇಳಿ. ಅವರು ಊರು ಬಿಡುವ ಮೊದಲು ಇದಾಗಲಿ.

ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಗೋಡೆಯ ಮೇಲಿರುವುದು ಈ ವರ್ಷದ ಕ್ಯಾಲೆಂಡರ್, ವರ್ಷ ಮುಗಿದ ಮೇಲೆ ಅದು ರದ್ದಿಗೆ ಹೋಗುತ್ತದೆ. ಆ ಮೂರು ಹಾಳೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಮೂರು ಕಂತಿಗೂ ಸೇರಿ ಒಂದು ರಸೀದಿ ಬರೆದು, ಚಿಕ್ಕಮ್ಮನಿಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.