ಸಂಪಾದಕರ ಉತ್ತರ: ಬಾಗಿಲು ತಟ್ಟಿದರೆ ತಪ್ಪೇನು?

ಕಳೆದ ಸಂಚಿಕೆಯಲ್ಲಿ ಅಮೆರಿಕದ ವೋಗೆಲ್ ಕುಟುಂಬದ ಸೈಕಲ್ ಪಯಣದ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಜಮಖಂಡಿಯ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಅವರು ಕೇಳಿರುವುದು ಇಷ್ಟು: "ಹತ್ತು ವರ್ಷದ ಅವಳಿ ಮಕ್ಕಳನ್ನು ಶಾಲೆ ಬಿಡಿಸಿ ರಸ್ತೆಗೆ ಇಳಿಸಿದ್ದು ಸರಿಯಾ? ಗುರುತಿಲ್ಲದವರ ಮನೆಗೆ ಹೋಗಿ ನೀರು, ಜಾಗ ಕೇಳಿದರೆ ಅವರಿಗೆ ಭಾರ ಅಲ್ವಾ? ಅವರು ಬಿಳಿಯರು, ಜನ ಒಳಗೆ ಕರೆದರು. ನಮ್ಮಂಥವರನ್ನು ಯಾರು ಕರೆಯುತ್ತಾರೆ?"

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳ ಬಗ್ಗೆ ನಿಮಗಿರುವ ಕಾಳಜಿ ನನಗೂ ಇದೆ. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ವೋಗೆಲ್ ಕುಟುಂಬದವರು ಅಲಾಸ್ಕದ ಉತ್ತರ ತುದಿಯಿಂದ ಹೊರಟಿದ್ದು 2008ರ ಜೂನ್‌ನಲ್ಲಿ. ಅರ್ಜೆಂಟೀನಾದ ಉಶುವಾಯಾ ಮುಟ್ಟಿದ್ದು 2011ರ ಮಾರ್ಚ್‌ನಲ್ಲಿ. ದೂರ ಸುಮಾರು 27,800 ಕಿ.ಮೀ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ದಿನಕ್ಕೆ ಭಾಗಿಸಿ ನೋಡಿ, ಸರಾಸರಿ 28 ಕಿ.ಮೀ. ಕೂಡ ಆಗುವುದಿಲ್ಲ. ಅಂದರೆ ನಿಂತ ದಿನಗಳು, ಸುಧಾರಿಸಿಕೊಂಡ ದಿನಗಳು ಬೇಕಾದಷ್ಟಿದ್ದವು. ಅಪ್ಪ ಅಮ್ಮ ಇಬ್ಬರೂ ಶಿಕ್ಷಕರು. ದಾರಿಯಲ್ಲೇ ಪಾಠವೂ ನಡೆಯಿತು. ಎಲ್ಲರಿಗೂ ಇದು ಆಗುವ ಮಾತಲ್ಲ, ಒಪ್ಪುತ್ತೇನೆ. ಕೆಲಸ ಬಿಟ್ಟು ಮೂರು ವರ್ಷ ಹೋಗುವ ಅನುಕೂಲ ಎಷ್ಟು ಮನೆಗಳಲ್ಲಿದೆ?

ಅಪಾಯ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅಲಾಸ್ಕದ ಡಾಲ್ಟನ್ ಹೆದ್ದಾರಿಯನ್ನೇ ತಗೊಳ್ಳಿ. 1974ರಲ್ಲಿ ಎಣ್ಣೆ ಪೈಪ್‌ಲೈನ್‌ಗಾಗಿ ಮಾಡಿದ ಜಲ್ಲಿ ರಸ್ತೆ ಅದು. ಉತ್ತರ ತುದಿಯ ಡೆಡ್‌ಹಾರ್ಸ್ ಬಿಟ್ಟರೆ ಕೋಲ್ಡ್‌ಫುಟ್‌ವರೆಗೆ ಸುಮಾರು 385 ಕಿ.ಮೀ. ಒಂದು ಅಂಗಡಿಯೂ ಇಲ್ಲ. ಪೆರುವಿನ ಕರಾವಳಿಯಲ್ಲಿ ಪೈಹಾನ್ ಎಂಬ ಊರಿದೆ. ಸೈಕಲ್‌ನವರನ್ನು ದೋಚುವ ಜಾಗ ಅಂತ ಆ ದಾರಿಯಲ್ಲಿ ಹೋಗುವವರೆಲ್ಲ ಒಬ್ಬರಿಗೊಬ್ಬರು ಎಚ್ಚರಿಸುತ್ತಾರೆ. ಎಷ್ಟೋ ಸಲ ಪೊಲೀಸರೇ ಜೀಪಿನಲ್ಲಿ ಹಿಂದೆ ಬಂದು ದಾಟಿಸಿದ್ದಾರೆ.

ಈಗ ಕೇಳಿ. ಅದೇ ಪೈಹಾನ್‌ನಿಂದ ಸುಮಾರು 50 ಕಿ.ಮೀ. ದಕ್ಷಿಣಕ್ಕೆ ತ್ರುಹಿಯೋ ನಗರ. ಅಲ್ಲಿ ಒಬ್ಬ ಸೈಕಲ್ ಪ್ರೇಮಿ 1985ರಲ್ಲಿ ತನ್ನ ಮನೆಯನ್ನೇ ಸೈಕಲ್ ಪಯಣಿಗರಿಗೆ ತೆರೆದ. ಅವನೇನೂ ಸಿರಿವಂತನಲ್ಲ. ಬಂದವರು ಮಲಗಿದರು, ಸೈಕಲ್ ರಿಪೇರಿ ಮಾಡಿಸಿಕೊಂಡರು, ಹೋಗುವಾಗ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರು. ಹಾಗೆ ಬಂದವರು ಸಾವಿರಾರು ಜನ. ಅತಿ ಹೆಚ್ಚು ಹೆದರಿಸುವ ರಸ್ತೆ, ಅತಿ ಹೆಚ್ಚು ಆದರಿಸುವ ಮನೆ, ಎರಡೂ ಒಂದು ದಿನದ ದಾರಿಯಲ್ಲಿವೆ. ನನಗೆ ಇದು ಮರೆಯುವುದೇ ಇಲ್ಲ.

ಇನ್ನೂ ಕೆಳಗೆ, ಉಶುವಾಯಾಕ್ಕೆ 100 ಕಿ.ಮೀ. ಇರುವಾಗ ತೋಲ್‌ವಿನ್ ಸಿಗುತ್ತದೆ. ಅಲ್ಲೊಂದು ಬೇಕರಿ. ಪಟಗೋನಿಯಾದ ಗಾಳಿಗೆ ಎದುರಾಗಿ ತುಳಿದು ಸುಸ್ತಾಗಿ ಬಂದ ಸೈಕಲ್‌ನವರಿಗೆ ಅಲ್ಲಿ ಮಲಗಲು ಜಾಗ ಕೊಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ. ದಕ್ಷಿಣ ಅಮೆರಿಕದ ಊರುಗಳಲ್ಲಿ ಅಗ್ನಿಶಾಮಕ ಠಾಣೆಯವರೂ ಹಾಗೆಯೇ, ಒಂದು ರಾತ್ರಿಗೆ ನೆಲ ಬಿಟ್ಟುಕೊಡುತ್ತಾರೆ.

ನೀವು ಭಾರ ಅಂದಿರಲ್ಲ, ಅದೇ ನನ್ನನ್ನು ಜಾಸ್ತಿ ಕಾಡಿದ ಮಾತು. ಕಾರಿನವರು ಊರು ದಾಟಿ ಹೋಗಿಬಿಡುತ್ತಾರೆ, ಅವರಿಗೆ ಯಾರೂ ಬೇಕಾಗಿಲ್ಲ. ಸೈಕಲ್‌ನವರು ಸಂಜೆ ಹೊತ್ತಿಗೆ ಮೈಯೆಲ್ಲ ಧೂಳಾಗಿ ಬಾಗಿಲಲ್ಲಿ ನಿಲ್ಲುತ್ತಾರೆ. ಜೊತೆಗೆ ಮಕ್ಕಳಿದ್ದರೆ ಮನೆಯವರು ಏನನ್ನೂ ಕೇಳಬೇಕಾಗಿಲ್ಲ, ನೋಡಿದರೆ ತಿಳಿಯುತ್ತದೆ. ಅವರಿಗೆ ಬೇಕಾಗಿರುವುದಾದರೂ ಏನು? ಎರಡು ಬಾಟಲಿ ನೀರು, ಟೆಂಟ್ ಹಾಕಲು ಅಂಗಳದ ಒಂದು ಮೂಲೆ. ಗುಡಿಸಲಲ್ಲಿರುವವರೂ ಕೊಡಬಹುದಾದದ್ದು. ಕೊಡಲು ಏನಾದರೂ ಇದೆ ಅಂತ ಅನ್ನಿಸುವ ಸಂತೋಷ ಎಲ್ಲರಿಗೂ ಬೇಕು. ಕೇಳದೇ ಹೋದರೆ ಆ ಸಂತೋಷವನ್ನು ಅವರಿಂದ ಕಿತ್ತುಕೊಂಡ ಹಾಗೆ ಅಂತ ನಾನು ನಂಬುತ್ತೇನೆ. ಬೇಡ ಅಂದರೆ ಮುಂದಿನ ಮನೆಗೆ ಹೋಗಬೇಕು, ಬೇಜಾರು ಮಾಡಿಕೊಳ್ಳಬಾರದು.

ಬಿಳಿಯರು ಅಂದದ್ದರಲ್ಲಿ ಸತ್ಯವಿದೆ. ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಗಡಿ ದಾಟುವುದು ಸುಲಭ, ನಮಗೆ ವೀಸಾದಲ್ಲೇ ಅರ್ಧ ಆಯಸ್ಸು ಹೋಗುತ್ತದೆ. ಆದರೆ ನಮ್ಮಂಥವರನ್ನು ಯಾರು ಕರೆಯುತ್ತಾರೆ ಅಂತ ಜಮಖಂಡಿಯಲ್ಲಿ ಕೂತು ನೀವು ಕೇಳಬಾರದು ಅಮ್ಮಾ! ಯುಗಾದಿಗೆ ಮುಂಚೆ ನಿಮ್ಮ ಕಡೆಯಿಂದಲೇ ಅಲ್ವಾ ಸಾವಿರಗಟ್ಟಲೆ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವುದು? ಬಿರುಬಿಸಿಲಲ್ಲಿ, ನೂರಾರು ಕಿಲೋಮೀಟರ್, ಕೊನೆಗೆ ನಲ್ಲಮಲ ಕಾಡು. ದಾರಿಯುದ್ದಕ್ಕೂ ಪೆಂಡಾಲ್ ಹಾಕಿ ರೊಟ್ಟಿ, ಮಜ್ಜಿಗೆ, ಹಣ್ಣು ಕೊಡುವವರು ಯಾರು? ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುವವರು ಯಾರು? ಯಾವ ಊರು, ಯಾವ ಜಾತಿ ಅಂತ ಕೇಳದೆ "ತಗೋರಿ, ಉಣ್ರಿ" ಅನ್ನುವವರು ಯಾರು? ಕನ್ನಡ ಮುಗಿದು ತೆಲುಗು ಶುರುವಾದರೂ ಆ ಪೆಂಡಾಲ್‌ಗಳು ನಿಲ್ಲುವುದಿಲ್ಲ.

ನಿಮ್ಮ ಮನೆಯಿಂದಲೂ ಯಾರಾದರೂ ನಡೆದಿರಬಹುದು. ಇಲ್ಲವೇ ನೀವೇ ದಾರಿಯಲ್ಲಿ ನಿಂತು ಅವರಿಗೆ ನೀರು ಕೊಟ್ಟಿರಬಹುದು. ಅದನ್ನು ಬರೆದು ಕಳಿಸಿ. ನಾಲ್ಕು ಪುಟವಾದರೂ ಪೂರ್ತಿ ಹಾಕುತ್ತೇವೆ.