ಚೀಟಿ ಬೇಡ, ಇಂಜೆಕ್ಷನ್ ಕೊಡಿ

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಐದು ಒಂದೇ ಕಾಯಿಲೆಯ ಬಗ್ಗೆ ಇದ್ದವು. ಒಂದರಲ್ಲೂ ಹೆಸರಿಲ್ಲ, ಒಂದರಲ್ಲಂತೂ ಊರೂ ಇಲ್ಲ. ಲೈಂಗಿಕ ಸಂಪರ್ಕದಿಂದ ತಗುಲುವ ಸಿಫಿಲಿಸ್ ಅಂದರೆ ಹಾಗೇ ಅಲ್ವಾ, ಯಾರೂ ತಮ್ಮದು ಅಂತ ಒಪ್ಪಲ್ಲ. ಹಿಂದೆ ಫ್ರಾನ್ಸಿನವರು ಇದನ್ನು ಇಟಲಿಯ ಕಾಯಿಲೆ ಅಂದರು, ಇಟಲಿಯವರು ಫ್ರಾನ್ಸಿನ ಕಾಯಿಲೆ ಅಂದರು, ನಮ್ಮವರು ಇಬ್ಬರನ್ನೂ ಸೇರಿಸಿ ಪರಂಗಿ ಹುಣ್ಣು ಅಂದರು. ಇರಲಿ, ಕಾಗದಕ್ಕೆ ಬರೋಣ.

ಪ್ರಶ್ನೆ: ನನ್ನ ಹೆಂಡತಿಗೆ ಈಗ ಐದು ತಿಂಗಳು. ಊರಿಗೆ ಬಂದಿದ್ದ ಸಿಸ್ಟರ್ ಬೆರಳು ಚುಚ್ಚಿ ಪರೀಕ್ಷೆ ಮಾಡಿ ಸಿಫಿಲಿಸ್ ಇದೆ ಅಂದರು. ಪಿಎಚ್‌ಸಿಗೆ ಹೋದರೆ ಇಲ್ಲಿ ಆ ಇಂಜೆಕ್ಷನ್ ಕೊಡಲ್ಲ, ತುಮಕೂರಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಅದನ್ನೂ ಓಪಿಡಿ ಸಾಲಿನಲ್ಲಿ ಎಲ್ಲರ ಎದುರೇ ಹೇಳಿದರು. ಅವತ್ತಿಂದ ಇವಳು ಯಾವ ಆಸ್ಪತ್ರೆಗೂ ಬರಲ್ಲ ಅಂತ ಕೂತಿದ್ದಾಳೆ. ಹದಿನೈದು ದಿನ ಆಯಿತು. ಅವಳಿಗೆ ನೋವಿಲ್ಲ, ಜ್ವರ ಇಲ್ಲ. ಹೆರಿಗೆ ಆದಮೇಲೆ ತೋರಿಸಿದರೆ ಆಗಲ್ವಾ ಡಾಕ್ಟ್ರೇ? (ಪಾವಗಡ ತಾಲ್ಲೂಕು)

ಉತ್ತರ: ಆಗಲ್ಲಪ್ಪ. ಈ ಪತ್ರಿಕೆ ಕೈಗೆ ಸಿಕ್ಕಿದ ದಿನವೇ ಹೊರಡಿ.

ನೋವಿಲ್ಲ ಅನ್ನೋದೇ ಈ ಕಾಯಿಲೆಯ ಮೋಸ. ಅವರಿಗೆ ಏನೂ ಗೊತ್ತಾಗದಿದ್ದರೂ ಒಳಗಿರುವ ಮಗುವಿಗೆ ಮಾಸಿನ ಮೂಲಕ ಸೋಂಕು ದಾಟುತ್ತದೆ. ಚಿಕಿತ್ಸೆ ಸಿಗದ ಬಸುರಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ತೊಂದರೆ ಆಗುತ್ತದೆ: ಗರ್ಭ ಇಳಿದುಹೋಗುವುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು, ದಿನ ತುಂಬದೆ ಹುಟ್ಟುವುದು, ಇಲ್ಲವೇ ಸೋಂಕು ಹೊತ್ತೇ ಹುಟ್ಟುವುದು. ಇಷ್ಟನ್ನು ತಡೆಯುವ ಔಷಧಿ ಒಂದೇ. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಒಂದೊಂದು ಕುಂಡಿಗೆ 12 ಲಕ್ಷದಂತೆ ಕೊಡುತ್ತಾರೆ. ಸೋಂಕು ಯಾವಾಗ ತಗುಲಿತು ಅಂತ ಗೊತ್ತಿಲ್ಲದಿದ್ದರೆ, ನಿಮ್ಮ ಮನೆಯವರ ವಿಷಯದಲ್ಲಿ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಬೇಕು, ವಾರಕ್ಕೊಂದು ಸಲದಂತೆ ಮೂರು ವಾರ. ನಡುವಿನ ವಾರ ತಪ್ಪಿಸಬಾರದು, ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. ಹೆರಿಗೆಗೆ ಒಂದು ತಿಂಗಳಿಗಿಂತ ಮುಂಚೆ ಚಿಕಿತ್ಸೆ ಶುರುವಾದರೆ ಮಾತ್ರ ಮಗುವಿಗೂ ಸರಿಯಾಗಿ ತಲುಪಿತು ಅನ್ನಬಹುದು. ನಿಮಗಿನ್ನೂ ಐದು ತಿಂಗಳು, ಕಾಲ ಮಿಂಚಿಲ್ಲ.

ಮಾತ್ರೆಯಲ್ಲಿ ಮುಗಿಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅಜಿತ್ರೊಮೈಸಿನ್, ಎರಿಥ್ರೊಮೈಸಿನ್ ಮಗುವಿನವರೆಗೆ ಸರಿಯಾಗಿ ಹೋಗುವುದಿಲ್ಲ. ಡಾಕ್ಸಿಸೈಕ್ಲಿನ್ ಅನ್ನು ಬಸುರಿಯರಿಗೆ ಕೊಡುವ ಹಾಗಿಲ್ಲ.

ಇನ್ನು ಆ ಚೀಟಿಯ ವಿಷಯ. ನನಗೆ ಸಿಟ್ಟು ಬಂದದ್ದು ಅಲ್ಲೇ. ಊರಲ್ಲೇ ಬೆರಳು ಚುಚ್ಚಿ ಪರೀಕ್ಷೆ ಮಾಡುವ ಏರ್ಪಾಡು ಯಾಕೆ ಬಂತು ಹೇಳಿ? ಎಚ್‌ಐವಿ, ಸಿಫಿಲಿಸ್ ಎರಡನ್ನೂ ಒಂದೇ ಕಿಟ್‌ನಲ್ಲಿ ನೋಡಿ, ಇಪ್ಪತ್ತು ನಿಮಿಷದಲ್ಲಿ ಗೊತ್ತಾಗಿ, ಅವತ್ತೇ ಮೊದಲ ಇಂಜೆಕ್ಷನ್ ಬೀಳಲಿ ಅಂತ. ಬಸುರಿಗೆ ಕಿಟ್‌ನಲ್ಲಿ ಪಾಸಿಟಿವ್ ಬಂದರೆ ಮೊದಲ ಡೋಸ್ ಕೊಟ್ಟು, ಮಿಕ್ಕ ಪರೀಕ್ಷೆ ಆಮೇಲೆ ಮಾಡಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಪರೀಕ್ಷೆ ಊರಲ್ಲಿ, ಇಂಜೆಕ್ಷನ್ ನೂರು ಕಿಲೋಮೀಟರ್ ಆಚೆ ಅಂದರೆ ಆ ಕಿಟ್ ಸುಮ್ನೆ ದಂಡ. ಪಾವಗಡದಿಂದ ತುಮಕೂರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬರು, ಹಾಗೆ ಮೂರು ವಾರ. ಎಷ್ಟು ಜನ ಹೋಗುತ್ತಾರೆ?

ನಾನೇನು ಸಾಚಾ ಅಲ್ಲ. ಸಿರಾ ಕಡೆಯ ಒಂದು ಪಿಎಚ್‌ಸಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಾನೂ ಇಂಥದೇ ಚೀಟಿ ಬರೆದಿದ್ದೆ. ಪೆನಿಸಿಲಿನ್ ಕೊಟ್ಟರೆ ರಿಯಾಕ್ಷನ್ ಆದೀತು ಅನ್ನೋ ಭಯ, ಅಷ್ಟೇ. ಆ ಹೆಣ್ಣುಮಗಳು ಜಿಲ್ಲಾಸ್ಪತ್ರೆಗೆ ಹೋಗಲೇ ಇಲ್ಲ. ಏಳು ತಿಂಗಳಿಗೆ ಹೆರಿಗೆ ನೋವು ಬಂದು ಮತ್ತೆ ನಮ್ಮಲ್ಲಿಗೇ ಬಂದರು, ಮಗು ಉಳಿಯಲಿಲ್ಲ. ಚೀಟಿ ಅವರ ತಾಯಿ ಕಾರ್ಡ್ ಒಳಗೆ ಮಡಿಸಿಟ್ಟ ಹಾಗೇ ಇತ್ತು, ನನ್ನ ಸಹಿಯ ಸಮೇತ.

ಈಗ ನೀವು ಮಾಡಬೇಕಾದ್ದು. ತಾಯಿ ಕಾರ್ಡ್ ಹಿಡಿದು ಬೆಳಗ್ಗೆ ಹೊತ್ತು, ವೈದ್ಯಾಧಿಕಾರಿ ಇರುವಾಗ, ಅದೇ ಪಿಎಚ್‌ಸಿಗೆ ಹೋಗಿ ಅವರನ್ನೇ ನೇರವಾಗಿ ಕೇಳಿ. ಸ್ಟಾಕ್ ಇಲ್ಲ ಅಂದರೆ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಲು ಹೇಳಿ. ತುಮಕೂರಿನವರೆಗೆ ಹೋಗಲೇಬೇಕಾಗಿ ಬಂದರೆ ಜಿಲ್ಲಾಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ (ಇಂಥ ಕಾಯಿಲೆಗಳನ್ನೇ ನೋಡುವ ವಿಭಾಗ) ಎಲ್ಲಿ ಅಂತ ಕೇಳಿ, ಚಿಕಿತ್ಸೆ ಪುಕ್ಕಟೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ಅದಕ್ಕೂ ದುಡ್ಡಿಲ್ಲ.

ಆಮೇಲೆ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕಾಗದದ ತುಂಬಾ ‘ಅವಳಿಗೆ, ಅವಳಿಗೆ’ ಅಂತ ಇದೆ. ನಿಮ್ಮ ರಕ್ತ ಪರೀಕ್ಷೆ ಆಯ್ತಾ? ನೀವೂ ಅವತ್ತೇ ಇಂಜೆಕ್ಷನ್ ತಗೊಳ್ಳದಿದ್ದರೆ ಅವರ ಮೂರು ಇಂಜೆಕ್ಷನ್ನೂ ನೀರಿಗೆ ಹಾಕಿದ ಹಾಗೆ, ವಾಸಿಯಾದಮೇಲೂ ನಿಮ್ಮಿಂದಲೇ ಮತ್ತೆ ತಗುಲುತ್ತದೆ. ಯಾರಿಂದ ಯಾರಿಗೆ ಬಂತು ಅನ್ನೋ ಪಂಚಾಯ್ತಿ ಬೇಡ, ಈ ಸೋಂಕು ವರ್ಷಗಟ್ಟಲೆ ಸುಮ್ಮನೆ ಕೂತಿರಬಲ್ಲದು, ಮದುವೆಗೂ ಮುಂಚಿನದಿರಬಹುದು. ಜೊತೆಗೆ ಹೋಗಿ, ಜೊತೆಗೆ ಚುಚ್ಚಿಸಿಕೊಳ್ಳಿ. ಚಿಕಿತ್ಸೆ ಮುಗಿಯುವ ತನಕ ದೂರ ಇರಿ. ಮಗು ಹುಟ್ಟಿದ ಮೇಲೆ ಅದರ ರಕ್ತವನ್ನೂ ತಾಯಿಯ ರಕ್ತವನ್ನೂ ಒಟ್ಟಿಗೆ ಪರೀಕ್ಷೆ ಮಾಡಿಸಬೇಕು, ಹೆರಿಗೆ ಆಸ್ಪತ್ರೆಯವರಿಗೆ ಇದನ್ನು ಮುಚ್ಚಿಡಬೇಡಿ.

ಪ್ರಶ್ನೆ: ಗುಬ್ಬಿ ಕಡೆಯ ಪಿಎಚ್‌ಸಿಯಲ್ಲಿ ಸ್ಟಾಫ್ ನರ್ಸ್ ನಾನು. ಡಾಕ್ಟರು ಬರೆದರೂ ಈ ಪೆನಿಸಿಲಿನ್ ಕೊಡಲು ಕೈ ನಡುಗುತ್ತದೆ ಸಾರ್. ಏನಾದರೂ ಆದರೆ ಜನ ಬಂದು ಹೊಡೆಯುವುದು ನನಗೆ, ಡಾಕ್ಟರಿಗಲ್ಲ. ಸೂಜಿ ಬೇರೆ ಕಟ್ಟಿಕೊಳ್ಳುತ್ತೆ. ಕಳಿಸಿಬಿಡೋದೇ ಸೇಫ್ ಅಲ್ವಾ?

ಉತ್ತರ: ಕಾಗದ ಬರೆದಿರಲ್ಲ ಸಿಸ್ಟರ್, ಅದಕ್ಕೆ ಮೊದಲು ನಮಸ್ಕಾರ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ‘ಸ್ಟಾಕ್ ಇಲ್ಲ’ ಅಂತಾರೆ. ಸ್ಟಾಕ್ ನಿಜವಾಗಿ ಇಲ್ಲದ ಕಾಲವೂ ಉಂಟು ಅನ್ನಿ. ಅಗ್ಗದ ಔಷಧಿ, ಲಾಭ ಕಡಿಮೆ, ಮಾಡುವ ಕಂಪನಿಗಳು ಬೆರಳೆಣಿಕೆ. ಆದರೆ ಎಷ್ಟೋ ಕಡೆ ಔಷಧಿ ಬೀರುವಿನಲ್ಲಿ ಕೂತು ಎಕ್ಸ್‌ಪೈರಿ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಯೋಚನೆ ಮಾಡಿ. ಕೀಲು ಜ್ವರದಿಂದ ಹಾರ್ಟ್ ವಾಲ್ವ್ ಹಾಳಾದ ಮಕ್ಕಳು ಮೂರು ವಾರಕ್ಕೊಮ್ಮೆ ನಿಮ್ಮಂಥ ಪಿಎಚ್‌ಸಿಗೇ ಬಂದು ಚುಚ್ಚಿಸಿಕೊಂಡು ಹೋಗುತ್ತಾರಲ್ಲ, ಅದು ಯಾವ ಔಷಧಿ? ಇದೇ ಬೆಂಜಥೀನ್ ಪೆನಿಸಿಲಿನ್, ತೂಕಕ್ಕೆ ತಕ್ಕ ಹಾಗೆ 6 ಅಥವಾ 12 ಲಕ್ಷ ಯೂನಿಟ್. ಎಂಟು ವರ್ಷದ ಹುಡುಗನಿಗೆ ಕೊಡುವಾಗ ನಡುಗದ ಕೈ ಸಿಫಿಲಿಸ್‌ಗೆ ಅಂದ ಕೂಡಲೇ ಯಾಕೆ ನಡುಗುತ್ತೆ? ಅರ್ಧ ಭಯ ಔಷಧಿಯದು, ಇನ್ನರ್ಧ ಆ ಕಾಯಿಲೆಯ ಹೆಸರಿನದು ಅಂತ ನನ್ನ ಗುಮಾನಿ.

ರಿಯಾಕ್ಷನ್ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಜೀವಕ್ಕೆ ಬರುವಂಥದ್ದು ತುಂಬಾ ಅಪರೂಪ. ಹಿಂದೆ ಪೆನಿಸಿಲಿನ್ ತಗೊಂಡು ಮೈ ದದ್ದು, ಉಬ್ಬಸ, ಮುಖ ಊತ ಆಗಿತ್ತಾ ಅಂತ ಮೊದಲು ಕೇಳಿ. ಆಗಿದ್ದರೆ ಆ ರೋಗಿಯನ್ನು ಖಂಡಿತ ದೊಡ್ಡಾಸ್ಪತ್ರೆಗೆ ಕಳಿಸಿ, ಅದು ಸರಿಯಾದ ಚೀಟಿ. ಆಗಿಲ್ಲದಿದ್ದರೆ ಡಾಕ್ಟರು ಕಟ್ಟಡದಲ್ಲಿ ಇರುವ ಹೊತ್ತಲ್ಲೇ ಕೊಡಿ, ಸಂಜೆ ಒಬ್ಬರೇ ಇದ್ದಾಗ ಬೇಡ. ಟೆಸ್ಟ್ ಡೋಸ್ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಕೊಡಿ, ಆದರೆ ಅದು ಸರಿಹೋಯಿತು ಅಂತ ತುರ್ತು ಔಷಧಿಯ ಟ್ರೇ ಒಳಗಿಡಬೇಡಿ. ರಿಯಾಕ್ಷನ್ ಆದರೆ ಕೊಡುವ ಅಡ್ರಿನಲಿನ್ ಟ್ರೇಯಲ್ಲಿ ಎದುರಿಗೇ ಇರಲಿ. ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ಸ್ನಾಯುವಿಗೆ. ಇದು ಬಾಯಿಪಾಠ ಆಗಿರಬೇಕು. ಬೀರುವಿನ ಬೀಗದ ಕೈ ಫಾರ್ಮಸಿಸ್ಟ್ ಜೇಬಲ್ಲಿ, ಫಾರ್ಮಸಿಸ್ಟ್ ಟೀ ಅಂಗಡಿಯಲ್ಲಿ, ಹಾಗಾಗಬಾರದು. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಿ.

ಸೂಜಿ ಕಟ್ಟುವುದು ನಿಜ. ಔಷಧಿ ಗಟ್ಟಿ ಹಾಲಿನ ಹಾಗಿರುತ್ತೆ. ಚೆನ್ನಾಗಿ ಅಲ್ಲಾಡಿಸಿ, ದಪ್ಪನೆಯ 21 ನಂಬರ್ ಸೂಜಿ ತಗೊಳ್ಳಿ, ಕಲಸಿದ ಮೇಲೆ ಮಾತಾಡುತ್ತಾ ನಿಲ್ಲಬೇಡಿ. ಆಳವಾಗಿ ಚುಚ್ಚಿ, ಹಿಂದಕ್ಕೆ ಎಳೆದು ರಕ್ತ ಬರಲ್ಲ ಅಂತ ನೋಡಿ, ಆಮೇಲೆ ನಿಧಾನವಾಗಿ ಒಂದೇ ಸಮ ತಳ್ಳಿ. ರಕ್ತನಾಳಕ್ಕೆ ಹೋದರೆ ಅಪಾಯ, ಅದನ್ನು ಮಾತ್ರ ಮರೆಯಬೇಡಿ. ಅವತ್ತು ರಾತ್ರಿ ಜ್ವರ, ಮೈಕೈ ನೋವು ಬಂದರೆ ಅದು ಅಲರ್ಜಿ ಅಲ್ಲ, ಕೀಟಾಣು ಸಾಯುವಾಗ ಆಗುವಂಥದ್ದು, ಒಂದು ದಿನದಲ್ಲಿ ಇಳಿಯುತ್ತೆ. ಇದನ್ನು ಮೊದಲೇ ಹೇಳಿ ಕಳಿಸಿ, ಇಲ್ಲದಿದ್ದರೆ ಮುಂದಿನ ವಾರ ಬರಲ್ಲ. ಬಸುರಿಯಾದರೆ, ಹೊಟ್ಟೆ ಬಿಗಿದು ನೋವು ಬಂದರೆ ಅಥವಾ ಮಗು ಅಲ್ಲಾಡೋದು ಕಡಿಮೆಯಾದರೆ ಕೂಡಲೇ ಬರಲು ಹೇಳಿ.

ಹೊಡೆತದ ಮಾತಿಗೆ ನನ್ನ ಹತ್ತಿರ ಔಷಧಿ ಇಲ್ಲ ಸಿಸ್ಟರ್. ನಿಮ್ಮ ವೈದ್ಯಾಧಿಕಾರಿ ಮೊದಲ ನಾಲ್ಕು ಸಲ ನಿಮ್ಮ ಪಕ್ಕದಲ್ಲೇ ನಿಲ್ಲಲಿ, ಹಾಗಂತ ಕೇಳಿ. ನಿಲ್ಲಬೇಕಾದ್ದು ಅವರ ಕೆಲಸ.

ಪ್ರಶ್ನೆ: ಎರಡು ವರ್ಷದ ಹಿಂದೆ ಮೂರು ಇಂಜೆಕ್ಷನ್ ತಗೊಂಡೆ. ಈಗ ಬೇರೆ ಪಿಎಚ್‌ಸಿಯಲ್ಲಿ ಕಾರ್ಡ್ ಟೆಸ್ಟ್ ಮಾಡಿ ‘ಇನ್ನೂ ಇದೆ’ ಅಂದರು. ಔಷಧಿ ನಕಲಿಯೇ? (ಮಧುಗಿರಿ)

ಉತ್ತರ: ಇರಲಾರದು. ಕಾರ್ಡ್ ಟೆಸ್ಟ್, ಅಂದರೆ ಬೆರಳು ಚುಚ್ಚಿ ಮಾಡುವ ಆ ಕಿಟ್, ಸಿಡುಬಿನ ಕಲೆ ಇದ್ದ ಹಾಗೆ, ಕಾಯಿಲೆ ಹೋದರೂ ಗುರುತು ಉಳಿಯುತ್ತೆ, ಸುಮಾರು ಜನಕ್ಕೆ ಸಾಯುವ ತನಕ. ವಾಸಿಯಾಗಿದೆಯಾ ಅಂತ ತಿಳಿಯಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅನ್ನುವ ರಕ್ತ ಪರೀಕ್ಷೆ ಬೇಕು, ಅದರಲ್ಲೂ ಬರೀ ‘ರಿಯಾಕ್ಟಿವ್’ ಅಂತ ಬರೆದ ರಿಪೋರ್ಟ್ ಪ್ರಯೋಜನ ಇಲ್ಲ. ನಂಬರ್ ಬೇಕು. ಮೊದಲು 1:32 ಇದ್ದದ್ದು ಈಗ 1:8 ಅಥವಾ ಅದಕ್ಕೂ ಕೆಳಗೆ ಬಂದಿದ್ದರೆ ಔಷಧಿ ಕೆಲಸ ಮಾಡಿದೆ. ಕೆಲವರಿಗೆ 1:2ರಲ್ಲೇ ನಿಂತುಬಿಡುತ್ತೆ, ಗಾಬರಿ ಬೇಡ. ಇಳಿದದ್ದು ಮತ್ತೆ ನಾಲ್ಕು ಪಟ್ಟು ಏರಿದರೆ ಹೊಸದಾಗಿ ತಗುಲಿದೆ ಅಂತ ಅನುಮಾನ ಪಡಬೇಕು, ಒಂದು ಸಲ ಬಂದರೆ ಮತ್ತೆ ಬರಲ್ಲ ಅನ್ನೋ ಕಾಯಿಲೆ ಇದಲ್ಲ. ಹಳೇ ರಿಪೋರ್ಟ್ ಹುಡುಕಿ ತೆಗೆಯಿರಿ. ಅದರ ಮೇಲೆ ನಂಬರ್ ಇಲ್ಲದಿದ್ದರೆ, ಬರೆಯದೆ ಬಿಟ್ಟವರದು ತಪ್ಪು, ನಿಮ್ಮದಲ್ಲ.

ಪ್ರಶ್ನೆ: ವಸಂತನರಸಾಪುರದಲ್ಲಿ ಫ್ಯಾಕ್ಟರಿ ಕೆಲಸ, 24 ವರ್ಷ. ಮರ್ಮಾಂಗದ ಮೇಲೆ ಒಂದು ಹುಣ್ಣಾಗಿತ್ತು, ನೋವಿರಲಿಲ್ಲ. ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ, ತಿಂಗಳಲ್ಲಿ ವಾಸಿಯಾಯಿತು. ಇನ್ನೇನೂ ಬೇಡ ತಾನೇ?

ಉತ್ತರ: ಟ್ಯೂಬ್ ಹಚ್ಚದಿದ್ದರೂ ವಾಸಿಯಾಗುತ್ತಿತ್ತು ತಮ್ಮಾ. ಸಿಫಿಲಿಸ್ ಹುಣ್ಣು ಮೂರರಿಂದ ಆರು ವಾರದಲ್ಲಿ ತಾನಾಗೇ ಮಾಯುತ್ತೆ, ಕಾಯಿಲೆ ಮಾತ್ರ ಒಳಗೆ ಇಳಿಯುತ್ತೆ. ಮುಂದೆ ಅಂಗೈ, ಅಂಗಾಲಲ್ಲಿ ಕೆಂಪು ಮಚ್ಚೆ ಬರಬಹುದು. ಬಂದು ಹೋಗಲೂಬಹುದು, ನಿನಗೆ ಗೊತ್ತೇ ಆಗದ ಹಾಗೆ. ಆಮೇಲೆ ವರ್ಷಗಳು ಕಳೆದು ಹೃದಯ, ಮಿದುಳು. ಈ ವಾರವೇ ರಕ್ತ ಪರೀಕ್ಷೆ ಮಾಡಿಸು, ಎಚ್‌ಐವಿಯದೂ ಸೇರಿಸಿ. ಇಷ್ಟು ಬೇಗ ಸಿಕ್ಕರೆ ಒಂದೇ ಸಲದ ಇಂಜೆಕ್ಷನ್ ಸಾಕು. ಸಂಗಾತಿಗೂ ಹೇಳು. ಹೇಳಲು ನಾಚಿಕೆಯಾದರೆ ಸುರಕ್ಷಾ ಕ್ಲಿನಿಕ್‌ನ ಕೌನ್ಸೆಲರ್ ಹತ್ತಿರ ಮಾತಾಡು, ಹೇಗೆ ಹೇಳಬೇಕು ಅಂತ ಅವರು ತಿಳಿಸುತ್ತಾರೆ.

ಪ್ರಶ್ನೆ: ಅತ್ತಿಗೆಗೆ ಈ ಕಾಯಿಲೆ ಇದೆಯಂತೆ. ಒಂದೇ ಬಚ್ಚಲು, ಒಂದೇ ಅಡುಗೆಮನೆ. ನಮಗೆಲ್ಲ ಹರಡುತ್ತಾ? ಸದ್ಯಕ್ಕೆ ತಟ್ಟೆ ಲೋಟ ಬೇರೆ ಇಟ್ಟಿದ್ದೇವೆ. (ಊರು ಬರೆದಿಲ್ಲ)

ಉತ್ತರ: ತಟ್ಟೆ, ಲೋಟ, ಟವೆಲ್, ಬಚ್ಚಲು, ಕಕ್ಕಸು, ಯಾವುದರಿಂದಲೂ ಇಲ್ಲ. ಇವತ್ತು ರಾತ್ರಿ ಊಟಕ್ಕೆ ಆ ತಟ್ಟೆಯನ್ನು ಮಿಕ್ಕ ತಟ್ಟೆಗಳ ಜೊತೆ ಸೇರಿಸಿ ಇಡಿ. ಅವರ ಎರಡನೇ ಇಂಜೆಕ್ಷನ್ ಯಾವ ವಾರ ಅಂತ ಕೇಳಿ, ಜೊತೆಗೆ ಹೋಗಿ ಬನ್ನಿ.